ಸಾಕವ್ವ, ಗುಲಾಬಿ, ಪುಟ್ಟಕ್ಕ: ಉಮಾಶ್ರೀ ಅವರನ್ನು ಬಲ್ಲಿರಾ?

ಮಕ್ಕಳೇ, ಊರಿನಿಂದ ಬಂದ ಅಜ್ಜಿಯ ಪಕ್ಕ ಕೂತು ನಿಮ್ಮಲ್ಲಿ ಕೆಲವರಾದರೂ ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿ ನೋಡಿರುತ್ತೀರಿ. ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಆ ಪುಟ್ಟಕ್ಕನಾಗಿ ನಟಿಸಿದವರು ಉಮಾಶ್ರೀ. 2021ರಲ್ಲಿ ಅದು ಶುರುವಾದಾಗ ಅವರಿಗೆ 64 ವರ್ಷ. ಅಷ್ಟರಲ್ಲಾಗಲೇ ನಾಟಕ, ಸಿನಿಮಾ ಎರಡರಲ್ಲೂ ಹೆಸರು ಮಾಡಿದ್ದರು. ತೇರದಾಳದಿಂದ ಚುನಾವಣೆ ಗೆದ್ದು ಕರ್ನಾಟಕದ ಮಂತ್ರಿಯೂ ಆಗಿದ್ದರು.

ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದವರು. ಕಾಶೀನಾಥ್ ಅವರ ‘ಅನುಭವ’ (1984) ಚಿತ್ರದಿಂದ ಜನ ಅವರನ್ನು ಗುರುತಿಸಿದರು. ಮುಂದೆ ವರ್ಷಗಟ್ಟಲೆ ಸಿನಿಮಾದವರು ಹೆಚ್ಚಾಗಿ ಕೊಟ್ಟದ್ದು ನಗಿಸುವ ಪಾತ್ರಗಳನ್ನೇ. ‘ಪುಟ್ನಂಜ’ದಲ್ಲಿ (1995) ರವಿಚಂದ್ರನ್‌ಗೆ ಅಜ್ಜಿಯಾದರು. ನಿಜದಲ್ಲಿ ಆ ಮೊಮ್ಮಗನಿಗಿಂತ ಅವರು ನಾಲ್ಕೇ ವರ್ಷ ದೊಡ್ಡವರು! ಬಾಗಿದ ಬೆನ್ನು, ಎಳೆದಾಡುವ ದನಿ ನೋಡಿದರೆ ನೀವು ನಂಬುವುದಿಲ್ಲ.

ರಂಗದ ಮೇಲೆ ಅವರಿಗೆ ಸಿಕ್ಕಿದ್ದು ಬೇರೆಯದೇ ಅಜ್ಜಿ. ದೇವನೂರ ಮಹಾದೇವ ಅವರ ‘ಒಡಲಾಳ’ ಕಥೆಯನ್ನು ಸಿ.ಜಿ. ಕೃಷ್ಣಸ್ವಾಮಿ ನಾಟಕವಾಗಿ ಆಡಿಸಿದಾಗ ಉಮಾಶ್ರೀ ಸಾಕವ್ವನಾದರು. ಕಳೆದುಹೋದ ತನ್ನ ಹುಂಜವನ್ನು ಹುಡುಕಿ ಅಲೆಯುವ ದಲಿತ ಮುದುಕಿ ಆಕೆ. ಒಂದು ಕೋಳಿಗಾಗಿ ಇಷ್ಟು ಗೋಳೇ ಎಂದು ನಿಮಗೆ ಅನ್ನಿಸಬಹುದು. ಹಸಿವು ತುಂಬಿದ ಮನೆಯಲ್ಲಿ ಒಂದು ಹುಂಜ ಎಷ್ಟು ದೊಡ್ಡ ಆಸ್ತಿ ಎಂಬುದನ್ನು ಸಾಕವ್ವನೇ ನಿಮಗೆ ತಿಳಿಸುತ್ತಾಳೆ.

ಗುಲಾಬಿಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ವೈದೇಹಿಯವರ ಕತೆಯಿಂದ ಗಿರೀಶ ಕಾಸರವಳ್ಳಿ ಮಾಡಿದ ‘ಗುಲಾಬಿ ಟಾಕೀಸ್’ (2008) ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ನಡೆಯುತ್ತದೆ. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಒಮ್ಮೆ ಸಿನಿಮಾ ಬಿಟ್ಟು ಬಂದು ಹೆರಿಗೆ ಮಾಡಿಸಿದ್ದಕ್ಕೆ ಆ ಮನೆಯವರು ಟಿವಿ, ಡಿಶ್ ಆಂಟೆನಾ ಕೊಡುತ್ತಾರೆ. ಟಿವಿ ನೋಡಲು ಊರಿನ ಹೆಂಗಸರು ಬಂದು ಸೇರುತ್ತಾರೆ. ಅವಳು ಮುಸ್ಲಿಮಳೆಂದು ಕೆಲವರು ಒಳಗೆ ಕಾಲಿಡುವುದಿಲ್ಲ. ಕಾರ್ಗಿಲ್ ಯುದ್ಧದ ದಿನಗಳು ಬಂದ ಮೇಲಂತೂ ಮುಸ್ಲಿಮರನ್ನು ನೋಡುವ ಊರಿನವರ ಕಣ್ಣೇ ಬದಲಾಗುತ್ತದೆ. ಇಷ್ಟೆಲ್ಲ ನಡೆಯುವಾಗ ಉಮಾಶ್ರೀ ಎಲ್ಲೂ ದನಿಯೆತ್ತಿ ಅಳುವುದಿಲ್ಲ. ಟಿವಿಯ ಮುಂದೆ ಕೂತಾಗ ಅರಳುವ ಅವರ ಮುಖ ನೋಡಿದರೆ ಸಾಕು, ಈ ಹೆಂಗಸಿಗೆ ನೋವಾಗಬಾರದು ಎಂದು ನಾವೇ ಹಂಬಲಿಸುತ್ತೇವೆ. ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಪ್ರಶಸ್ತಿ ಬಂತೆಂದು ಅವರು ಸುಮ್ಮನೆ ಕೂರಲಿಲ್ಲ. ಒಬ್ಬರೇ ಅಭಿನಯಿಸುವ ‘ಶರ್ಮಿಷ್ಠೆ’ ನಾಟಕ ಮಾಡಿದರು. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳ ಎಂಬ ತಂಡದೊಂದಿಗೆ ಯಕ್ಷಗಾನದಲ್ಲಿ ರಾಮಾಯಣದ ಮಂಥರೆಯಾದರು. ಭಾಗವತರ ಹಾಡಿಗೆ, ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುವುದು ಎಳೆಯರಿಗೂ ಸುಲಭವಲ್ಲ. ಅವರಿಗಾಗ 67.

ಈ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ‘ಗುಲಾಬಿ ಟಾಕೀಸ್’ ನೋಡಿ. ಕರಾವಳಿಯ ಕನ್ನಡ ಅಲ್ಲಲ್ಲಿ ತೊಡಕಾದರೆ ನಿಲ್ಲಿಸಿ ಕೇಳಿ. ನಮ್ಮ ಕನ್ನಡ ಕೂಟದಲ್ಲಿ ಕುಂದಾಪುರದವರು ಯಾರಾದರೂ ಇದ್ದರೆ ಅವರನ್ನೂ ಮನೆಗೆ ಕರೆಯಿರಿ.