ಕಲ್ಯಾಣ ನಾಡಿನ ಮುತ್ಸದ್ದಿ ವೀರೇಂದ್ರ ಪಾಟೀಲರು

ಕೃಷ್ಣಾ–ಭೀಮೆಯರ ಮಡಿಲಿನಲ್ಲಿರುವ ಯಾದಗಿರಿ, ಶಹಾಪುರ, ಸುರಪುರ ಸೀಮೆಯು 2009ರ ಡಿಸೆಂಬರ್ ತಿಂಗಳವರೆಗೆ ಕಲಬುರ್ಗಿ ಜಿಲ್ಲೆಗೆ ಸೇರಿತ್ತು. ನದಿಗಳೆರಡೂ ಕಣ್ಣೆದುರಿಗೇ ಹರಿಯುತ್ತಿದ್ದರೂ ಹೊಲಗಳಿಗೆ ಮಳೆಯೊಂದೇ ಗತಿ. ಮಳೆ ಕೈಕೊಟ್ಟ ವರುಷ ಊರೂರೇ ಗುಳೆ ಹೋಗುತ್ತಿದ್ದುದನ್ನು ಹಿರಿಯರು ಮರೆತಿಲ್ಲ. ಇಂತಹ ಜಿಲ್ಲೆಯಿಂದ ರಾಜ್ಯದ ಮುಖ್ಯಮಂತ್ರಿ ಪದವಿಗೇರಿದ ಮೊದಲಿಗರು ದಿವಂಗತ ವೀರೇಂದ್ರ ಪಾಟೀಲರು. ಹಿಂದಿನ ಹೈದರಾಬಾದು ಸಂಸ್ಥಾನದ ಕನ್ನಡ ಭಾಗಕ್ಕೆಲ್ಲ ಅವರೇ ಮೊದಲಿಗರು.

ಪಾಟೀಲರು 1924ನೆಯ ಇಸವಿ ಫೆಬ್ರವರಿ 28ರಂದು ಚಿಂಚೋಳಿಯಲ್ಲಿ ಜನಿಸಿದರು. ನೇಮಿನಾಥ ಬಸದಿಯ ಮಳಖೇಡವನ್ನು ಅರಿಯದ ಜೈನ ಬಾಂಧವರಿಲ್ಲ. ಆ ಮಳಖೇಡವಿರುವ ಸೇಡಂ ತಾಲ್ಲೂಕಿಗೆ ಹೊಂದಿಕೊಂಡದ್ದೇ ಚಿಂಚೋಳಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದು ವಕೀಲರಾದರು. ಏಕೀಕರಣದ ತರುವಾಯ 1957ರಲ್ಲಿ ಚಿಂಚೋಳಿಯಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದರು.

ನಿಜಲಿಂಗಪ್ಪನವರ ಸಂಪುಟದಲ್ಲಿ ಲೋಕೋಪಯೋಗಿ ಖಾತೆಯನ್ನು ನಿರ್ವಹಿಸಿದ ಕಾಲವೇ ಈ ಸೀಮೆಯ ಮಟ್ಟಿಗೆ ಅವರ ಬಾಳಿನ ಮುಖ್ಯ ಘಟ್ಟವೆನ್ನಬೇಕು. 1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿರಿಸಿದರು. ಯೋಜನೆಯ ಎರಡನೆಯ ಅಣೆಕಟ್ಟಿಗೆ ಆಗಿನ ಸುರಪುರ ತಾಲ್ಲೂಕಿನ ನಾರಾಯಣಪುರವೇ ನೆಲೆಯಾಯಿತು. 1968ರ ಮೇ 29ರಂದು ಪಾಟೀಲರು ಮುಖ್ಯಮಂತ್ರಿಗಳಾದರು. ಮರುವರುಷವೇ ಕೃಷ್ಣೆಯ ನೀರಿನ ಹಂಚಿಕೆಗಾಗಿ ನ್ಯಾಯಮೂರ್ತಿ ಬಚಾವತರ ನ್ಯಾಯಮಂಡಳಿ ನೇಮಕಗೊಂಡಿತು. ಮಹಾರಾಷ್ಟ್ರ, ಆಂಧ್ರಗಳೆದುರು ರಾಜ್ಯದ ಪಾಲನ್ನು ಸಮರ್ಥಿಸಿಕೊಳ್ಳುವ ಹೊಣೆ ಅವರ ಸರಕಾರದ ಮೇಲೆ ಬಿದ್ದಿತು. 1973ರಲ್ಲಿ ತೀರ್ಪು ಬಂದು ರಾಜ್ಯಕ್ಕೆ 700 ಟಿ.ಎಂ.ಸಿ. ನೀರು ನಿಗದಿಯಾದಾಗ ಅವರು ಅಧಿಕಾರದಲ್ಲಿರಲಿಲ್ಲ. ನೀರಾವರಿಯ ಕೆಲಸವೇ ಹಾಗೆ. ಬಿತ್ತಿದವರೊಬ್ಬರು, ಬೆಳೆ ಕಂಡವರು ಮತ್ತೊಬ್ಬರು.

ಅಧಿಕಾರ ಹೋದ ಬಗೆಯೂ ಗಮನಾರ್ಹ. ಅವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ನಿಜಲಿಂಗಪ್ಪನವರ ಲವಕುಶರೆಂದು ಜನ ಕರೆಯುತ್ತಿದ್ದರು. 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ಪಾಟೀಲರು ಗುರುವಿನ ಪಕ್ಷವನ್ನು ಬಿಡಲಿಲ್ಲ. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷದ ಪಾಲಾದವು. ಮಾರ್ಚ್ 18ಕ್ಕೆ ಅವರ ಸರಕಾರ ಕೊನೆಗೊಂಡಿತು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಸ್ವತಃ ಇಂದಿರಾ ಗಾಂಧಿಯವರೆದುರು ಜನತಾ ಪಕ್ಷದಿಂದ ಸ್ಪರ್ಧಿಸಿ 77,000ಕ್ಕೂ ಮಿಕ್ಕಿದ ಮತಗಳ ಅಂತರದಿಂದ ಸೋತರು. ಅದೇ ಇಂದಿರಾ ಗಾಂಧಿಯವರ ಪಕ್ಷದಿಂದ 1980ರಲ್ಲಿ ಬಾಗಲಕೋಟೆಯ ಲೋಕಸಭಾ ಸದಸ್ಯರಾಗಿ ಕೇಂದ್ರ ಸಂಪುಟ ಸೇರಿದ್ದನ್ನು ಟೀಕಿಸಿದವರುಂಟು. ಆ ಟೀಕೆ ನಿರಾಧಾರವೆನ್ನಲಾಗದು; ಆದರೆ ಪೆಟ್ರೋಲಿಯಂ, ನೌಕಾಯಾನ, ಕಾರ್ಮಿಕ ಖಾತೆಗಳ ಹೊಣೆಯನ್ನು ಅವರು ಹೊತ್ತರೆಂಬುದೂ ನಿಜ.

1989ರಲ್ಲಿ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಪಕ್ಷಕ್ಕೆ 178 ಸ್ಥಾನಗಳನ್ನು ಗೆಲ್ಲಿಸಿಕೊಟ್ಟು, ನವೆಂಬರ್ 30ರಂದು ಮತ್ತೊಮ್ಮೆ ಮುಖ್ಯಮಂತ್ರಿಗಳಾದರು. 1990ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. ಎರಡು ಮಹಾನದಿಗಳ ವ್ಯಾಜ್ಯವೂ ಒಬ್ಬರ ಆಡಳಿತದಲ್ಲೇ ನ್ಯಾಯಮಂಡಳಿಯ ಮೆಟ್ಟಿಲೇರಿದ್ದು ವಿಚಿತ್ರ ಯೋಗ. ಅದೇ ವರುಷ ಪಾರ್ಶ್ವವಾಯುವಿಗೆ ತುತ್ತಾದರು. ರಾಮನಗರ, ಚನ್ನಪಟ್ಟಣಗಳಲ್ಲಿ ಗಲಭೆಗಳೆದ್ದಿದ್ದವು. ಹಾಸಿಗೆಯಲ್ಲಿದ್ದವರನ್ನು ಅಕ್ಟೋಬರ್‌ನಲ್ಲಿ ಪಕ್ಷದ ವರಿಷ್ಠರು ಪದವಿಯಿಂದ ಇಳಿಸಿದ ರೀತಿ ಈ ಭಾಗದ ಜನರ ಮನಸ್ಸನ್ನು ಆಳವಾಗಿ ನೋಯಿಸಿತು. 1994ರ ಚುನಾವಣೆಯಲ್ಲಿ ಆ ಪಕ್ಷ 34 ಸ್ಥಾನಗಳಿಗೆ ಇಳಿದುದಕ್ಕೆ ಇದೂ ಒಂದು ಕಾರಣ.

1997ರ ಮಾರ್ಚ್ 14ರಂದು ಪಾಟೀಲರು ನಿಧನ ಹೊಂದಿದರು. ಅಷ್ಟರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಹದಿನೈದು ವರುಷಗಳಾಗಿದ್ದವು. ಎಡದಂಡೆ ಕಾಲುವೆಯ ನೀರು ಹುಣಸಗಿಯನ್ನು ದಾಟಿ ಶಹಾಪುರದ ಹೊಲಗಳನ್ನು ಮುಟ್ಟಿತ್ತು.