ಹುಲಿಮೊಗದ ಖಡ್ಗದ ಒಡೆಯ

ಇಂಗ್ಲೆಂಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ನಾಡಿನ ಚರಿತ್ರೆಯ ಮೊದಲ ದರ್ಶನ ಎಷ್ಟೋ ಸಲ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲೇ ಆಗುತ್ತದೆ. ಕೆಳಗೆ ಬಿದ್ದಿರುವ ಐರೋಪ್ಯನೊಬ್ಬನ ಕೊರಳಿಗೆ ಬಾಯಿ ಹಾಕಿರುವ ಮರದ ಹುಲಿಯ ಮುಂದೆ ನಿಂತು, ಇದು ಯಾರದು, ಇಲ್ಲಿಗೆ ಹೇಗೆ ಬಂತು ಎಂದು ಅವರು ಕೇಳುತ್ತಾರೆ. ಮೈಸೂರಿನ ಟಿಪ್ಪು ಸುಲ್ತಾನನದು ಎಂದು ಹೇಳಿ ಮುಂದೆ ಹೋಗುವುದು ಸುಲಭ. ಆದರೆ ಆ ಹುಲಿಗೂ, ಟಿಪ್ಪುವಿನ ಖಡ್ಗ ಕೋವಿಗಳಿಗೂ, ಅವನ ಬಾಳಿಗೂ ಇರುವ ನಂಟು ತಿಳಿದರೆ ಉತ್ತರ ಇನ್ನಷ್ಟು ಸ್ವಾರಸ್ಯಕರವಾಗುತ್ತದೆ. ನಮ್ಮ ಬಳಗದ ವಾರ್ಷಿಕೋತ್ಸವದ ಈ ಸಂಚಿಕೆಗಾಗಿ ಆ ಕಥೆಯನ್ನು ಸಂಗ್ರಹವಾಗಿ ಹೇಳುವ ಪ್ರಯತ್ನ ಇಲ್ಲಿದೆ.

ಅರಸುಮನೆತನಗಳಲ್ಲಿ ಆಯುಧವೆಂದರೆ ಬರೀ ಹೊಡೆದಾಡುವ ಸಾಧನವಲ್ಲ. ಅದು ಒಡೆತನದ ಗುರುತು. ಆಯುಧಪೂಜೆಯ ದಿನ ಇಲ್ಲಿಯೂ ಕಾರಿಗೆ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನ ಅರಮನೆಯಲ್ಲಿ ನವರಾತ್ರಿಯಲ್ಲಿ ಪಟ್ಟದ ಕತ್ತಿಗೆ ಪೂಜೆ ಸಲ್ಲುತ್ತದೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರ ಡಿಸೆಂಬರ್‌ನಲ್ಲಿ ತೀರಿಕೊಂಡ ಮೇಲೆ, ಉತ್ತರಾಧಿಕಾರಿಯ ನಿರ್ಧಾರವಾಗದಿದ್ದ 2014ರ ದಸರೆಯಲ್ಲಿ, ಸಿಂಹಾಸನದ ಮೇಲೆ ಆ ಪಟ್ಟದ ಕತ್ತಿಯನ್ನೇ ಇರಿಸಿ ಖಾಸಗಿ ದರ್ಬಾರಿನ ವಿಧಿ ನಡೆಸಿದರು. ಅರಸನಿಲ್ಲದಾಗ ಅರಸನ ಸ್ಥಾನದಲ್ಲಿ ಕೂರುವ ಯೋಗ್ಯತೆ ಕತ್ತಿಗೆ ಇತ್ತು.

ಒಡೆಯರಿಗೆ ಆ ಕತ್ತಿ ತಲೆತಲಾಂತರದಿಂದ ಬಂದದ್ದು. ಟಿಪ್ಪುವಿಗೆ ಹಾಗೆ ಬಂದದ್ದು ಯಾವುದೂ ಇರಲಿಲ್ಲ.

ಅವನ ತಂದೆ ಹೈದರಾಲಿ ಕೋಲಾರದ ಸಮೀಪದ ಬೂದಿಕೋಟೆಯಲ್ಲಿ ಹುಟ್ಟಿದವನು. ಓದು ಬರಹ ಬಾರದ ಸಿಪಾಯಿ. 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಮೈಸೂರು ದಳವಾಯಿಯ ಕಣ್ಣಿಗೆ ಬಿದ್ದು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, 1761ರ ಹೊತ್ತಿಗೆ ರಾಜ್ಯದ ಆಡಳಿತವನ್ನೆಲ್ಲ ಕೈಗೆ ತೆಗೆದುಕೊಂಡ. ಒಡೆಯರು ಹೆಸರಿಗೆ ಅರಸರಾಗಿಯೇ ಉಳಿದರು. ಅದೇ ದೇವನಹಳ್ಳಿಯಲ್ಲಿ 1750ರ ನವೆಂಬರ್‌ನಲ್ಲಿ ಟಿಪ್ಪು ಹುಟ್ಟಿದ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾನ ಹೆಸರನ್ನು ಮಗುವಿಗೆ ಇಟ್ಟರು. 2008ರಿಂದ ಈಚೆಗೆ ರಜೆಗೆಂದು ಬೆಂಗಳೂರಿಗೆ ಹೋಗುವ ನಾವೆಲ್ಲ ವಿಮಾನದಿಂದ ಇಳಿಯುವುದು ಅವನ ಹುಟ್ಟೂರಿನ ಸೀಮೆಯಲ್ಲೇ.

ತನಗೆ ಸಿಗದ ವಿದ್ಯೆಯನ್ನು ಹೈದರ್ ಮಗನಿಗೆ ಕೊಡಿಸಿದ. ಪಾರಸಿ, ಅರಬಿಗಳ ಜೊತೆಗೆ ಕುದುರೆ ಸವಾರಿ, ಕತ್ತಿವರಸೆ, ಬಂದೂಕಿನ ಅಭ್ಯಾಸ ನಡೆಯಿತು. ಮೊದಲನೆಯ ಮೈಸೂರು ಯುದ್ಧದಲ್ಲಿ, ಇನ್ನೂ ಹದಿನೇಳರ ಹರೆಯದಲ್ಲಿ, ಟಿಪ್ಪು ಕುದುರೆ ದಂಡಿನೊಡನೆ ಮದರಾಸಿನ ಹೊರವಲಯದವರೆಗೂ ನುಗ್ಗಿ ಕಂಪನಿಯವರನ್ನು ಕಂಗೆಡಿಸಿದ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ತಂದೆ ಮಕ್ಕಳು ಸೇರಿ ಕರ್ನಲ್ ಬೈಲಿಯ ಸೈನ್ಯವನ್ನು ನುಚ್ಚುನೂರು ಮಾಡಿದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಪಡುಗೋಡೆಯ ದೊಡ್ಡ ಚಿತ್ರ ಆ ದಿನದ್ದೇ. ಅಂದು ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಸ್ಕಾಟ್ಲೆಂಡಿನ ತರುಣ ಅಧಿಕಾರಿಯೂ ಒಬ್ಬ. ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಅವನು ಶ್ರೀರಂಗಪಟ್ಟಣದ ಸೆರೆಮನೆಯಲ್ಲಿದ್ದ. ಅವನ ಹೆಸರನ್ನು ನೆನಪಿಡಿ. ಮುಂದೆ ಮತ್ತೆ ಬರುತ್ತದೆ.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡಾಗ ಟಿಪ್ಪು ಮಲಬಾರಿನ ಕಡೆ ಯುದ್ಧದಲ್ಲಿದ್ದ. ಅವನು ಬಂದು ಸೇರುವವರೆಗೆ ಸರದಾರರು ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟರು. ಮೂವತ್ತೆರಡರ ವಯಸ್ಸಿಗೆ ರಾಜ್ಯ ಕೈಗೆ ಬಂತು. ಆದರೆ ಹೈದರಾಬಾದಿನ ನಿಜಾಮನ ಕಣ್ಣಿಗೂ ಪುಣೆಯ ಪೇಶ್ವೆಯ ಕಣ್ಣಿಗೂ ಅವನು ಸಿಪಾಯಿಯ ಮಗ. ನಿಜಾಮನ ಮನೆತನದೊಡನೆ ಮದುವೆ ಸಂಬಂಧ ಬೆಳೆಸಲು ನಡೆಸಿದ ಪ್ರಯತ್ನ ಕೈಗೂಡಲಿಲ್ಲ. ಟಿಪ್ಪು ಮೊಗಲ್ ಬಾದಶಹನ ಹೆಸರನ್ನು ನಾಣ್ಯದಿಂದ ಕೈಬಿಟ್ಟ. ಕಾನ್‌ಸ್ಟಾಂಟಿನೋಪಲಿನ ಸುಲ್ತಾನನಲ್ಲಿಗೆ ರಾಯಭಾರಿಗಳನ್ನು ಕಳಿಸಿದ. ಅವನ ಇನ್ನೊಂದು ನಿಯೋಗ 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ಕಂಡಿತು. ಅರಸರ ಸಾಲಿನಲ್ಲಿ ತನಗೊಂದು ಜಾಗ ಬೇಕೆಂಬುದೇ ಇದರ ಹಿಂದಿನ ಹಂಬಲ.

ವಂಶಾವಳಿಯಲ್ಲಿ ಇಲ್ಲದ್ದನ್ನು ಅವನು ಆಯುಧಗಳಲ್ಲಿ ಕಡೆದ. ಹುಲಿಯನ್ನು ತನ್ನ ಲಾಂಛನವಾಗಿ ಆರಿಸಿಕೊಂಡ. ಖಡ್ಗದ ಹಿಡಿಯ ತುದಿಯಲ್ಲಿ ಹುಲಿಮೊಗ. ಫಿರಂಗಿಯ ಬಾಯಿಯಲ್ಲಿ ಹುಲಿಮೊಗ. ಅಲಗಿನ ಮೇಲೆ, ಸಿಪಾಯಿಗಳ ಅಂಗಿಯ ಮೇಲೆ ಹುಲಿಪಟ್ಟೆ. ಅರಬಿ ಅಕ್ಷರಗಳನ್ನೇ ಹುಲಿಯ ಮುಖದಂತೆ ಜೋಡಿಸಿ ಬರೆಸಿದ. ಅವನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಬಂದೂಕುಗಳಿಗೆ ಬೆಳ್ಳಿಯ ಕೆತ್ತನೆ. ಅವುಗಳ ಮೇಲೆ ಮಾಡಿದವನ ಹೆಸರು, ಟಿಪ್ಪು ತಾನೇ ಜಾರಿಗೆ ತಂದ ಹೊಸ ಶಕೆಯ ವರ್ಷ, ತಂದೆಯ ಹೆಸರಿನ ಮೊದಲ ಅಕ್ಷರ. ಆಳೆತ್ತರದ ಹುಲಿಯ ಮೇಲೆ ನಿಂತ ಎಂಟು ಮೂಲೆಯ ಚಿನ್ನದ ಹೊದಿಕೆಯ ಸಿಂಹಾಸನ, ಅದರ ಕಟಕಟೆಗೆ ರತ್ನ ಕೂರಿಸಿದ ಚಿಕ್ಕ ಹುಲಿತಲೆಗಳು, ಮೇಲೆ ಹುಮಾ ಎಂಬ ಹಕ್ಕಿ. ಆಸ್ಥಾನಕ್ಕೆ ಬಂದವನು ಎತ್ತ ತಿರುಗಿದರೂ ಒಡೆಯ ಯಾರೆಂದು ತಿಳಿಯಬೇಕು, ಹಾಗಿತ್ತು ವ್ಯವಸ್ಥೆ.

ಇದೇ ಕಾಲದಲ್ಲಿ ಅವನ ಸೈನ್ಯದಲ್ಲಿ ಬೆಳ್ಳಿ ಬಂಗಾರದ ಸೋಂಕೇ ಇಲ್ಲದ ಇನ್ನೊಂದು ಆಯುಧವಿತ್ತು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿನ ಗಳುವಿಗೆ ಕಟ್ಟಿ ಹಾರಿಸುವ ರಾಕೆಟ್ಟು. ಹೈದರನ ಕಾಲದಿಂದಲೇ ಇದ್ದ ಇದನ್ನು ಟಿಪ್ಪು ಇನ್ನಷ್ಟು ಬೆಳೆಸಿದ. ಕಾಗದದ ಕೊಳವೆಯ ಬಾಣಗಳನ್ನಷ್ಟೇ ಬಲ್ಲ ಯೂರೋಪಿನವರಿಗೆ ಇದು ಹೊಸತು. ಮುಂದೆ ಇಲ್ಲಿಯ ವುಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳಿಗೆ ಮೈಸೂರಿನವೇ ಪ್ರೇರಣೆ.

ಟಿಪ್ಪುವಿನ ಖಡ್ಗವನ್ನು ಎಲ್ಲರೂ ಒಂದೇ ಭಾವದಿಂದ ನೋಡುವುದಿಲ್ಲ ಎಂಬುದನ್ನೂ ಹೇಳಬೇಕು. 1784ರಲ್ಲಿ ಮಂಗಳೂರು ಸೀಮೆಯ ಕಥೋಲಿಕರನ್ನು ಅವನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಕೊಡಗಿನವರೂ ಮಲಬಾರಿನವರೂ ಅವನ ದಂಡಯಾತ್ರೆಗಳನ್ನು ಮರೆತಿಲ್ಲ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯ ಮಠವನ್ನು ಲೂಟಿ ಮಾಡಿದಾಗ ಗುರುಗಳಿಗೆ ಗೌರವದಿಂದ ಪತ್ರ ಬರೆದು ನೆರವು ಕಳಿಸಿದವನೂ ಅವನೇ. ನಮ್ಮ ಬಳಗದಲ್ಲಿ ಕೊಡಗಿನವರಿದ್ದಾರೆ, ಮಂಗಳೂರಿನವರಿದ್ದಾರೆ, ಮೈಸೂರಿನವರಿದ್ದಾರೆ. ಒಂದೇ ಬಾಳನ್ನು ಮೂವರೂ ಬೇರೆ ಬೇರೆ ಕಡೆಯಿಂದ ಕಂಡಿದ್ದಾರೆ. ಯಾರ ನೆನಪೂ ಸುಳ್ಳಲ್ಲ.

ಇಂಗ್ಲಿಷರು, ನಿಜಾಮ, ಮರಾಠರು ಮೂವರೂ ಒಟ್ಟಾದರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಸಬೇಕಾಯಿತು. ಹಣ ತೀರುವವರೆಗೆ ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಿಟ್ಟ. ರತ್ನದ ಹಿಡಿಯ ಖಡ್ಗಗಳಿದ್ದರೂ ಮಕ್ಕಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಆಗಲಿಲ್ಲ. ಅವರು ಹಿಂದಿರುಗಿದ್ದು 1794ರಲ್ಲಿ.

ಐದು ವರ್ಷಗಳ ನಂತರ ಮತ್ತೆ ಮುತ್ತಿಗೆ. 1799ರ ಮೇ 4ರ ಮಧ್ಯಾಹ್ನ ಒಡೆದ ಕೋಟೆಗೋಡೆಯತ್ತ ಕಾವೇರಿಯನ್ನು ದಾಟಿಸಿ ದಾಳಿಯನ್ನು ನಡೆಸಿದವನು ಅದೇ ಡೇವಿಡ್ ಬೇರ್ಡ್. ಟಿಪ್ಪು ಊಟ ಬಿಟ್ಟೆದ್ದು ಕೋಟೆಗೆ ಧಾವಿಸಿ ಸಾಮಾನ್ಯ ಸಿಪಾಯಿಯಂತೆ ಕಾದಿದ. ಗಾಯಗೊಂಡು ಬಾಗಿಲ ಬಳಿ ಬಿದ್ದಿದ್ದವನನ್ನು ಇಂಗ್ಲಿಷ್ ಸೈನಿಕನೊಬ್ಬ ಕಂಡ. ಅವನ ಕಣ್ಣು ಹೋದದ್ದು ಖಡ್ಗದ ಪಟ್ಟಿಯ ಚಿನ್ನದ ಬಕಲಿನ ಮೇಲೆ. ಕೈಹಾಕಿದವನತ್ತ ಟಿಪ್ಪು ಕತ್ತಿ ಬೀಸಿದ. ಸೈನಿಕ ತಲೆಗೆ ಗುಂಡು ಹೊಡೆದ. ತಾನು ಕೊಂದದ್ದು ಯಾರನ್ನೆಂದು ಆ ಸೈನಿಕನಿಗೆ ತಿಳಿದಿರಲಿಲ್ಲ. ಇಡೀ ಬಾಳು ತನ್ನ ದೊರೆತನವನ್ನು ಸಾರಲು ತೊಟ್ಟ ಚಿನ್ನ ಆ ಗಳಿಗೆಯಲ್ಲಿ ಅವನು ದೊರೆಯೆಂದು ಹೇಳಲಿಲ್ಲ, ಕದಿಯಲು ಯೋಗ್ಯನೆಂದಷ್ಟೇ ಹೇಳಿತು. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಹೆಣಗಳ ರಾಶಿಯಲ್ಲಿ ದೇಹವನ್ನು ಗುರುತಿಸಿದರು. ಮರುದಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ನಲವತ್ತೆಂಟು ವರ್ಷದ ಬಾಳು ಅಲ್ಲಿಗೆ ಮುಗಿಯಿತು.

ಆದರೆ ಆಯುಧಗಳ ಬಾಳು ಮುಗಿಯಲಿಲ್ಲ. ಅರಮನೆಯ ಶಯನಗೃಹದಲ್ಲಿ ದೊರೆತ ಖಡ್ಗವನ್ನು ಸೈನ್ಯ ಬೇರ್ಡನಿಗೆ ಅರ್ಪಿಸಿತು. ಊರಿನ ಅಧಿಕಾರ ಮಾತ್ರ ಅವನಿಗೆ ಸಿಗದೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ತಮ್ಮ ಆರ್ಥರನಿಗೆ ಹೋಯಿತು. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಹುಮಾ ಹಕ್ಕಿಯೂ ದೊಡ್ಡ ಹುಲಿತಲೆಯೂ ವಿಂಡ್ಸರ್ ಸೇರಿದವು. ಒಂದು ಚಿಕ್ಕ ಹುಲಿತಲೆಯೂ ಟಿಪ್ಪುವಿನ ಡೇರೆಯೂ ವೇಲ್ಸ್‌ನ ಪೊವಿಸ್ ಕೋಟೆಯಲ್ಲಿವೆ. ಆಗ ಮದರಾಸಿನ ಗವರ್ನರಾಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನದ ಮೂಲಕ ಬಂದವು. ಕಂಪನಿ ಅಚ್ಚು ಹಾಕಿಸಿದ ಪದಕದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ನಿಂತಿದೆ; ದೊಡ್ಡ ಅಧಿಕಾರಿಗಳಿಗೆ ಚಿನ್ನದ್ದು, ಕೆಳಗಿನವರಿಗೆ ಬೆಳ್ಳಿ, ಕಂಚು, ತವರದ್ದು. ಸೇನಾಪತಿ ಹ್ಯಾರಿಸ್ ಮುಂದೆ ಶ್ರೀರಂಗಪಟ್ಟಣ ಮತ್ತು ಮೈಸೂರಿನ ಹೆಸರನ್ನೇ ಬಿರುದಿನಲ್ಲಿ ಸೇರಿಸಿಕೊಂಡು ಲಾರ್ಡ್ ಆದ. ಹೊಸ ಅರಸನೊಬ್ಬ ತನ್ನ ಘನತೆಗಾಗಿ ಮಾಡಿಸಿದ ವಸ್ತುಗಳು ಇಲ್ಲಿಯ ಮನೆತನಗಳ ಗೋಡೆಗಳ ಮೇಲೆ ಅವರ ಘನತೆಯನ್ನು ಸಾರತೊಡಗಿದವು. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೂ, 1806ರ ದಂಗೆಯ ಮೇಲೆ ಕಲ್ಕತ್ತೆಗೂ ಸಾಗಿಸಿದರು.

ಈಗ ಆ ಗೋಡೆಗಳಿಂದ ಇಳಿದು ಆಯುಧಗಳು ಹರಾಜಿಗೆ ಬರುತ್ತಿವೆ. ವಿಜಯ್ ಮಲ್ಯ ಅವರು ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗ ಕೊಂಡ ಸುದ್ದಿ 2004ರಲ್ಲಿ ಹೊರಬಿದ್ದಾಗ ಕರ್ನಾಟಕದಲ್ಲೆಲ್ಲ ಅದೇ ಮಾತು. ಖಡ್ಗ ಅವರ ಬಳಿ ಇಲ್ಲವೆಂಬ ಸುದ್ದಿಯೂ 2018ರಲ್ಲಿ ಬಂತು. 2015ರಲ್ಲಿ ರತ್ನಖಚಿತ ಹುಲಿಮೊಗದ ಒಂದು ಖಡ್ಗ ಇಪ್ಪತ್ತೊಂದು ಲಕ್ಷ ಪೌಂಡಿಗೂ ಮೇಲೆ ಹೋಯಿತು. 2019ರಲ್ಲಿ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ಬೆಳ್ಳಿಕಟ್ಟಿನ ಬಂದೂಕಿಗೆ ಅರವತ್ತು ಸಾವಿರ ಪೌಂಡು ಬಂತು. 2023ರ ಮೇ 23ರಂದು ಬೇರ್ಡನಿಗೆ ಕೊಟ್ಟಿದ್ದ ಆ ಶಯನಗೃಹದ ಖಡ್ಗ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಒಂದು ಕೋಟಿ ನಲವತ್ತು ಲಕ್ಷ ಪೌಂಡಿಗೆ, ಅಂದರೆ ಸುಮಾರು 140 ಕೋಟಿ ರೂಪಾಯಿಗೆ ಮಾರಾಟವಾಯಿತು. ಅರಸನಿಂದ ಲಾರ್ಡಿಗೆ, ಲಾರ್ಡಿನಿಂದ ಸಿರಿವಂತನಿಗೆ. ಕತ್ತಿಯ ಕೆಲಸ ಮಾತ್ರ ಬದಲಾಗಿಲ್ಲ.

ಇನ್ನು ಆ ಕಬ್ಬಿಣದ ರಾಕೆಟ್ಟುಗಳ ಗತಿ? 2018ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರ ಕೆಸರಿನಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ತುಕ್ಕು ಹಿಡಿದ ಕೊಳವೆಗಳು. ಯಾವ ಲಾರ್ಡೂ ಗೋಡೆಗೆ ತೂಗಿರಲಿಲ್ಲ. ಅವು ಶಿವಮೊಗ್ಗದ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿದವು. ಟಿಪ್ಪು ಲೋಕಕ್ಕೆ ನಿಜವಾಗಿ ಕಲಿಸಿದ್ದು ಏನಾದರೂ ಇದ್ದರೆ ಅದು ಈ ಕೊಳವೆಯಲ್ಲಿದೆ, ರತ್ನದ ಹಿಡಿಯಲ್ಲಲ್ಲ.

ಆದ್ದರಿಂದ ಮಕ್ಕಳನ್ನು ಲಂಡನ್ನಿನ ಹುಲಿಯ ಮುಂದೆ ನಿಲ್ಲಿಸಿದಾಗ ಇಷ್ಟನ್ನಾದರೂ ಹೇಳೋಣ. ಬೇಸಿಗೆಯಲ್ಲಿ ಪೊವಿಸ್ ಕೋಟೆಗೂ ಒಮ್ಮೆ ಕರೆದೊಯ್ಯೋಣ. ಊರಿಗೆ ಹೋದ ವರ್ಷ ದರಿಯಾ ದೌಲತ್ತಿನ ಗೋಡೆಯ ಚಿತ್ರವನ್ನೂ, ಸಾಧ್ಯವಾದರೆ ಶಿವಮೊಗ್ಗದ ಆ ತುಕ್ಕಿನ ಕೊಳವೆಗಳನ್ನೂ ತೋರಿಸೋಣ. ಯಾವುದು ಹೆಚ್ಚು ಬೆಲೆಯದೆಂದು ಅವರೇ ತೀರ್ಮಾನಿಸಲಿ.