ಎಂಜಿನಿಯರಿಂಗ್ ಬಿಟ್ಟ ಮಗ, ಪಟ್ಟಿ ಬರೆದ ಅಪ್ಪ

ಟ್ರೆಷರ್ ಐಲ್ಯಾಂಡ್ ಕಥೆಯನ್ನು ನಮ್ಮಲ್ಲಿ ಹಲವರು ಸ್ಕೂಲಿನಲ್ಲಿ ಓದಿದ್ದೇವೆ. ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ನಮ್ಮ ಹಾಗೇ ಎಂಜಿನಿಯರಿಂಗ್ ಸೇರಿದ್ದ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ಹುಟ್ಟಿದ್ದು 1850ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಮನೆತನದ ಕೆಲಸ ದೀಪಸ್ತಂಭ ಕಟ್ಟೋದು. ತಾತ, ನಡುಸಮುದ್ರದ ಬಂಡೆಯ ಮೇಲೆ ಬೆಲ್ ರಾಕ್ ದೀಪಸ್ತಂಭ ಎಬ್ಬಿಸಿದವರು. ಅಪ್ಪ ಥಾಮಸ್ ಕೂಡ ಅದೇ ಕೆಲಸದವರು. ಹವಾಮಾನ ಕೇಂದ್ರಗಳಲ್ಲಿ ಥರ್ಮಾಮೀಟರ್ ಇಡೋ ಬಿಳಿ ಪೆಟ್ಟಿಗೆ, ಅದೇ ಸ್ಟೀವನ್‌ಸನ್ ಸ್ಕ್ರೀನ್, ಅವರದ್ದೇ ಡಿಸೈನು. ಇರೋದು ಒಬ್ಬನೇ ಮಗ, ಬೇರೆ ಏನು ಓದಿಸ್ತಾರೆ? 1867ರಲ್ಲಿ ಸೇರಿಸಿದರು. ಅವನು ಕ್ಲಾಸಿಗೆ ಹೋಗಿದ್ದಕ್ಕಿಂತ ಬಂಕ್ ಮಾಡಿದ್ದೇ ಹೆಚ್ಚು. ಆದರೂ 1871ರಲ್ಲಿ ದೀಪಸ್ತಂಭದ ಬೆಳಕಿನ ಬಗ್ಗೆ ಒಂದು ಪೇಪರ್ ಓದಿದ, ಅದಕ್ಕೆ ಬೆಳ್ಳಿ ಪದಕವೂ ಬಂತು. ಪೇಪರ್ ಓದಿ ತಿಂಗಳೂ ಆಗಿರಲಿಲ್ಲ, ನನಗಿದು ಬೇಡ, ನಾನು ಬರೀಬೇಕು ಅಂದುಬಿಟ್ಟ. ಅಪ್ಪನಿಗೆ ನೋವಾಯ್ತು. ಕೊನೆಗೆ ಲಾ ಆದ್ರೂ ಓದು ಅಂತ ರಾಜಿ ಆಯ್ತು. ಓದಿದ, ವಕೀಲಿಕೆಯಲ್ಲಿ ನಿಲ್ಲಲಿಲ್ಲ.

ಹತ್ತು ವರ್ಷ ಕಳೀತು. ಪ್ರಬಂಧ, ಪ್ರವಾಸಕಥನ ಅಚ್ಚಾಗಿದ್ದವು. ಕಾದಂಬರಿ ಮಾತ್ರ ಎಷ್ಟೋ ಸಲ ಶುರು ಮಾಡಿ ಒಂದನ್ನೂ ಮುಗಿಸಿರಲಿಲ್ಲ. 1881ರ ಮಳೆಗಾಲದಂಥ ಬೇಸಿಗೆಯಲ್ಲಿ ಬ್ರೇಮಾರ್ ಊರಿನಲ್ಲಿ ಮನೆಮಂದಿಯೆಲ್ಲ ಒಳಗೇ ಕೂತಿದ್ದಾಗ, ಹೆಂಡತಿಯ ಮಗ ಲಾಯ್ಡ್ ಜೊತೆ ಒಂದು ದ್ವೀಪದ ನಕ್ಷೆ ಬರೆದು ಬಣ್ಣ ಹಾಕಿದ. ನಕ್ಷೆಯಿಂದ ಕಥೆ ಹುಟ್ಟಿತು. ದಿನಕ್ಕೊಂದು ಅಧ್ಯಾಯ ಬರೆದು ಎಲ್ಲರ ಮುಂದೆ ಓದ್ತಿದ್ದ. ಕಥೆಯಲ್ಲಿ ಹೆಂಗಸರು ಬೇಡ ಅನ್ನೋದು ಲಾಯ್ಡ್ ಹಾಕಿದ ಕಂಡೀಶನ್ನು. ಹುಡುಗ ಅಲ್ವಾ, ಬಿಡಿ.

ನಮಗೆ ಇಷ್ಟವಾಗಿದ್ದು ಅಪ್ಪನ ಫೀಡ್‌ಬ್ಯಾಕು. ದಿನಾ ರಾತ್ರಿ ಮಲಗುವಾಗ ಹಡಗು, ದರೋಡೆಕೋರರು, ಮುದಿ ನಾವಿಕರ ಕಥೆಗಳನ್ನು ತಮಗೆ ತಾವೇ ಹೇಳಿಕೊಳ್ತಿದ್ದ ಮನುಷ್ಯ ಅವರು. ಬಿಲ್ಲಿ ಬೋನ್ಸ್‌ನ ಪೆಟ್ಟಿಗೆ ತೆರೆಯೋ ಅಧ್ಯಾಯ ಬಂದಾಗ, ಒಳಗೆ ಏನೇನಿರಬೇಕು ಅಂತ ಒಂದು ಹಳೇ ಲಕೋಟೆಯ ಹಿಂದೆ ಪಟ್ಟಿ ಬರೆದುಕೊಟ್ಟರು. ಹೆಚ್ಚುಕಡಿಮೆ ಇಡೀ ದಿನ ಕೂತು! ತಗಡಿನ ಲೋಟ, ತಂಬಾಕು, ಪಿಸ್ತೂಲು, ಹಳೇ ಸ್ಪ್ಯಾನಿಷ್ ಗಡಿಯಾರ, ಹಿತ್ತಾಳೆಯ ಕೈವಾರ, ಸಮುದ್ರದ ಚಿಪ್ಪುಗಳು: ಪಕ್ಕಾ ಎಂಜಿನಿಯರ್ ಬರೆಯೋ ಸಾಮಾನು ಪಟ್ಟಿ. ಮಗ ಹಾಗ್ಹಾಗೇ ಬಳಸಿಕೊಂಡ. ಫ್ಲಿಂಟ್‌ನ ಹಡಗಿಗೆ ವಾಲ್ರಸ್ ಅನ್ನೋ ಹೆಸರೂ ಅಪ್ಪನ ಒತ್ತಾಯದ್ದೇ. ನಮ್ಮ ಕ್ಲಬ್ಬಲ್ಲಿ ಯಾರಾದ್ರೂ ಕಥೆ ಓದಿದ್ರೆ ನಾವು ಸೂಪರ್ ಮಗಾ ಅಂತೀವಿ, ಇಲ್ಲಾ ಕಾಗುಣಿತ ಹಿಡೀತೀವಿ. ಪೆಟ್ಟಿಗೆಯೊಳಗೆ ಏನಿದೆ ಅಂತ ಒಂದು ದಿನ ಯೋಚಿಸಿದವರಿಲ್ಲ.

ಹದಿನೈದು ಅಧ್ಯಾಯಕ್ಕೆ ಕಥೆ ನಿಂತೇಹೋಯ್ತು. ಆ ಚಳಿಗಾಲ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮುಗಿಸಿದ. ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1883ರಲ್ಲಿ ಪುಸ್ತಕವಾಯ್ತು. ಅಷ್ಟರಲ್ಲಿ ಪ್ರಕಾಶಕರಿಗೆ ಕಳಿಸಿದ ನಕ್ಷೆ ಕಳೆದುಹೋಗಿತ್ತು. ಕಥೆ ಓದಿ ಓದಿ ಅಳತೆ ಕೂಡಿಸಿ ಮತ್ತೆ ಬರೆಯಬೇಕಾಯ್ತು. ಬರೆದಿದ್ದು ಎಲ್ಲಿ ಗೊತ್ತಾ? ಅವನು ಬಿಟ್ಟುಬಂದಿದ್ದ ಅಪ್ಪನ ಆಫೀಸಿನಲ್ಲೇ. ಫ್ಲಿಂಟ್‌ನ ಸಹಿಯನ್ನು ಥಾಮಸ್ ತಮ್ಮ ಕೈಯಾರೆ ಫೋರ್ಜರಿ ಮಾಡಿದರು.

ಅವರು ತೀರಿಕೊಂಡಿದ್ದು 1887ರಲ್ಲಿ. ಮಗ 1894ರಲ್ಲಿ ಹೋದ, ದೂರದ ಸಮೋವಾ ದ್ವೀಪದಲ್ಲಿ, 44 ವರ್ಷಕ್ಕೇ. ಆ ಸಹಿ ನೋಡೋಣ ಅಂತ ನಾವು ಲೈಬ್ರರಿಗೆ ಹೋದ್ವಿ. ಅಲ್ಲಿದ್ದ ಪ್ರತಿಯಲ್ಲಿ ನಕ್ಷೆಯ ಪುಟವನ್ನೇ ಯಾರೋ ಹರ್ಕೊಂಡು ಹೋಗಿದ್ದಾರೆ.